ನೀಲಿ ಜ್ವಾಲೆಯ ವಕಾಲತ್ತು

ಅಮೆರಿಕದಲ್ಲಿ ಮನೆ ಕೊಳ್ಳುವ ಅಥವಾ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುವ ಕನ್ನಡ ಕುಟುಂಬಗಳಲ್ಲಿ ಒಂದು ವಾದ ತಪ್ಪದೆ ಏಳುತ್ತದೆ: ಗ್ಯಾಸೋ, ಎಲೆಕ್ಟ್ರಿಕ್ಕೋ? ಏಳುವಷ್ಟೇ ಬೇಗ ಅದು ಅಡಗಿಯೂ ಹೋಗುತ್ತದೆ. "ನಮ್ಮ ಅಡುಗೆಗೆ ಉರಿ ಕಾಣಬೇಕು" ಎಂಬ ಒಂದೇ ವಾಕ್ಯ ಎಲ್ಲವನ್ನೂ ಇತ್ಯರ್ಥಗೊಳಿಸುತ್ತದೆ. ಫುಲ್ಕ ಉಬ್ಬಬೇಕು, ಬದನೆಕಾಯಿ ಸುಡಬೇಕು, ಸಾಸಿವೆ ಸಿಡಿಯಬೇಕು. ಹವಾಮಾನ ಬಿಕ್ಕಟ್ಟಿನ ವಿರುದ್ಧ ಫಲಕ ಹಿಡಿದು ಬೀದಿಯಲ್ಲಿ ನಡೆದವರು ಕೂಡ ಈ ವಾಕ್ಯದೆದುರು ಮೌನವಾಗುತ್ತಾರೆ. ಸಂಸ್ಕೃತಿಯ ಹೆಸರು ಬಂದೊಡನೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುವ ಅಭ್ಯಾಸವನ್ನು ಊರಿನ ಸಂಪ್ರದಾಯವಾದಿಗಳಲ್ಲಿ ಕಂಡು ಖಂಡಿಸುವವರೂ ಇವರೇ ಎಂಬುದು ಬೇರೆ ಮಾತು.

ಒಲೆ ಮತ್ತು ಓವನ್ ಒಂದೇ ಪೆಟ್ಟಿಗೆಯಲ್ಲಿ ಬರುವುದರಿಂದ, ಮೇಲೆ ಫುಲ್ಕದ ಪರವಾಗಿ ಹೂಡಿದ ವಾದ ಕೆಳಗೆ ಕೇಕಿನ ಪರವಾಗಿಯೂ ಗೆದ್ದುಬಿಡುತ್ತದೆ. ಆದರೆ ಓವನ್ನಿನಲ್ಲಿ ಬೇಯುವ ಕೇಕಿಗಾಗಲೀ ಬಿಸ್ಕತ್ತಿಗಾಗಲೀ ಉರಿ ತಾಗುವುದೇ ಇಲ್ಲ. ಅವನ್ನು ಬೇಯಿಸುವುದು ಕಾದ ಗಾಳಿ, ಕಾದ ಗೋಡೆ, ಕಾದ ತಟ್ಟೆ. ಹಾಸನದ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಗಳನ್ನು ತೆರೆದವರು ಸೌದೆ ಉರಿಸುತ್ತಿದ್ದದ್ದು ಭಟ್ಟಿಯ ಇಟ್ಟಿಗೆಗಳನ್ನು ಕಾಯಿಸುವುದಕ್ಕೆ. ಬ್ರೆಡ್ಡಿಗೂ ಖಾರಾ ಬನ್ನಿಗೂ ಹದ ಕೊಡುತ್ತಿದ್ದದ್ದು ಆ ಇಟ್ಟಿಗೆ ಹಿಡಿದಿಟ್ಟುಕೊಂಡ ಶಾಖ. ಅದನ್ನು ಕಂಡು ಬೆಳೆದವರು ಓವನ್ನಿನ ವಿಷಯದಲ್ಲಿ ಉರಿಯ ಪರ ವಕಾಲತ್ತು ವಹಿಸುವುದು ವಿಚಿತ್ರ.

ಗ್ಯಾಸ್ ಓವನ್ನಿನ ಮುಖ್ಯ ಬರ್ನರ್ ತಳದಲ್ಲಿರುತ್ತದೆ. ಅನಿಲ ಉರಿದಾಗ ಹುಟ್ಟುವ ಹೊಗೆ ಒಳಗೆ ನಿಲ್ಲಬಾರದೆಂದು ಅದಕ್ಕೆ ಹೊರದಾರಿ ಇಡಲೇಬೇಕು. "ಗ್ಯಾಸಿನ ಶಾಖದಲ್ಲಿ ತೇವಾಂಶವಿರುತ್ತದೆ, ಆದ್ದರಿಂದ ಬೇಕಿಂಗ್‌ಗೆ ಒಳ್ಳೆಯದು" ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಅನಿಲ ಉರಿದಾಗ ನೀರಾವಿ ಹುಟ್ಟುವುದು ನಿಜ. ಅದೇ ಹೊರದಾರಿಯಲ್ಲಿ ಆ ಆವಿಯ ಜೊತೆಗೆ, ಬ್ರೆಡ್ ಉಬ್ಬಲೆಂದು ಮೊದಲ ಹತ್ತು ನಿಮಿಷ ಬೇಕರ್ ಕಷ್ಟಪಟ್ಟು ತುಂಬಿದ ಹಬೆಯೂ ಸೋರಿಹೋಗುವುದು ಅಷ್ಟೇ ನಿಜ. ಶಾಖ ಕೆಳಗಿನಿಂದ ಬರುವುದರಿಂದ ಬಿಸ್ಕತ್ತಿನ ತಳ ಕಪ್ಪಾಗುವ ಹೊತ್ತಿಗೂ ನೆತ್ತಿ ಬಿಳಿಚಿಕೊಂಡೇ ಇರುತ್ತದೆ. ಎಲೆಕ್ಟ್ರಿಕ್ ಓವನ್ನಿನಲ್ಲಿ ಮೇಲೊಂದು, ಕೆಳಗೊಂದು ಕಾಯಿಲ್. ಫ್ಯಾನಿದ್ದರೆ ಶಾಖ ಮೂಲೆಮೂಲೆಗೂ ಹಂಚಿಕೆಯಾಗುತ್ತದೆ. ಮೊಟ್ಟೆಯ ಆಸರೆಯಿಲ್ಲದೆ ಮೊಸರು, ಸೋಡಾಗಳ ಬಲದಲ್ಲೇ ಏಳಬೇಕಾದ ಕೇಕು ಶಾಖದ ಏರಿಳಿತವನ್ನು ಕ್ಷಮಿಸುವುದಿಲ್ಲ. ಅನೇಕ ಕನ್ನಡ ಮನೆಗಳಲ್ಲಿ ಆಗುವುದು ಅದೇ ಕೇಕು.

ಇದು ಒಲೆ ತಯಾರಿಸುವ ಕಂಪನಿಗಳಿಗೆ ಗೊತ್ತಿಲ್ಲದ್ದೇನಲ್ಲ. ಅಮೆರಿಕದ ಅಂಗಡಿಗಳಲ್ಲಿ 'ಡ್ಯುಯಲ್ ಫ್ಯೂಯೆಲ್' ಎಂಬ ಹೆಸರಿನ ದುಬಾರಿ ಒಲೆಗಳಿವೆ: ಮೇಲೆ ಗ್ಯಾಸ್ ಬರ್ನರ್, ಕೆಳಗೆ ಎಲೆಕ್ಟ್ರಿಕ್ ಓವನ್. ಶ್ರೀಮಂತ ಗಿರಾಕಿಗೆ ಬೇಕಿಂಗ್‌ಗಾಗಿ ವಿದ್ಯುತ್ತನ್ನು ಹೆಚ್ಚಿನ ಬೆಲೆಗೆ ಮಾರುವವರೇ ಉಳಿದವರಿಗೆ ಗ್ಯಾಸ್ ಓವನ್ ಸಾಕೆನ್ನುತ್ತಾರೆ.

ರುಚಿಯ ಮಾತು ಇಷ್ಟು ಸಾಕು. ಉಸಿರಿನ ಮಾತು ಇನ್ನೂ ಗಂಭೀರವಾದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಕ್ಯಾಲಿಫೋರ್ನಿಯಾದ 53 ಮನೆಗಳ ಒಲೆಗಳನ್ನು ಅಳೆದರು. ಅವು ಬಿಡುವ ಮೀಥೇನಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಒಲೆ ಆರಿರುವಾಗಲೇ ಸೋರುತ್ತಿತ್ತು. ಚಿಕ್ಕ ಅಡುಗೆಮನೆಯಲ್ಲಿ ಚಿಮಣಿ ಹಾಕದಿದ್ದರೆ, ನೈಟ್ರೋಜನ್ ಡೈಆಕ್ಸೈಡಿನ ಪ್ರಮಾಣ ಹೊರಾಂಗಣಕ್ಕೆ ನಿಗದಿಯಾದ ಒಂದು ಗಂಟೆಯ ಮಿತಿಯನ್ನು, ಅಂದರೆ ಶತಕೋಟಿಗೆ 100 ಭಾಗವನ್ನು, ಕೆಲವೇ ನಿಮಿಷಗಳಲ್ಲಿ ದಾಟಬಹುದೆಂದೂ ಅವರು ಕಂಡುಕೊಂಡರು. ಮನೆಯೊಳಗಿನ ಗಾಳಿಗೆ ಅಂಥ ಒಕ್ಕೂಟ ಮಟ್ಟದ ಮಿತಿಯೇ ಅಮೆರಿಕದಲ್ಲಿಲ್ಲ. 2023ರಲ್ಲಿ ಅದೇ ವಿಶ್ವವಿದ್ಯಾಲಯದವರು ಬೆಂಜೀನನ್ನು ಅಳೆದರು. ಕ್ಯಾನ್ಸರ್ ತರುವುದೆಂದು ಖಚಿತವಾಗಿರುವ ರಾಸಾಯನಿಕ ಅದು. ದೊಡ್ಡ ಉರಿಯಲ್ಲಿಟ್ಟ ಒಂದೇ ಬರ್ನರ್, ಅಥವಾ 350 ಡಿಗ್ರಿ ಫ್ಯಾರನ್‌ಹೀಟಿಗಿಟ್ಟ ಗ್ಯಾಸ್ ಓವನ್, ಮನೆಯ ಗಾಳಿಯಲ್ಲಿ ಬೆಂಜೀನನ್ನು ಸಿಗರೇಟು ಸೇದುವವರ ಪಕ್ಕದಲ್ಲಿ ಕುಳಿತವರು ಉಸಿರಾಡುವ ಮಟ್ಟಕ್ಕಿಂತ ಮೇಲೇರಿಸಬಲ್ಲದು. 350 ಡಿಗ್ರಿ ಎಂದರೆ ಕೇಕಿನ ಶಾಖ. ಕಾಯಿಲ್ ಒಲೆಗಳಿಗೆ ಹೋಲಿಸಿದರೆ ಗ್ಯಾಸ್ ಬಿಡುವ ಬೆಂಜೀನ್ ಸರಾಸರಿ 10ರಿಂದ 25 ಪಟ್ಟು ಹೆಚ್ಚು.

ಒಗ್ಗರಣೆಗೆ ಉರಿ ಬೇಕಾಗುವುದು ಅರೆನಿಮಿಷ. ಓವನ್ ಉರಿಯುವುದು ಗಂಟೆಗಟ್ಟಲೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರಲು ಕಾನೂನು ಅವಕಾಶ ಕೊಟ್ಟ ಮೇಲೆ ಅಡುಗೆಮನೆ ಕೆಲವು ಹೆಂಗಸರ ಪಾಲಿಗೆ ಕಾರ್ಖಾನೆಯೇ ಆಗಿದೆ. ದೀಪಾವಳಿಯ ವಾರದಲ್ಲಿ ದಿನವಿಡೀ ಓವನ್ನಿನ ಮುಂದೆ ನಿಲ್ಲುವ ಆಕೆ ಯಾವ ಕಾರ್ಮಿಕ ಸುರಕ್ಷತಾ ಅಧಿಕಾರಿಯ ಕಣ್ಣಿಗೂ ಬೀಳುವುದಿಲ್ಲ. ಒಲೆಯ ಮೇಲೆ ತೂಗುಹಾಕಿದ ಚಿಮಣಿ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಹೊರಗೆ ತೆರೆದುಕೊಳ್ಳುವುದೇ ಇಲ್ಲ. ಹೀರಿದ ಗಾಳಿಯನ್ನು ಜಾಲರಿಯೊಂದರ ಮೂಲಕ ಹಾಯಿಸಿ ಮತ್ತೆ ಆಕೆಯ ಮುಖಕ್ಕೇ ಊದುತ್ತದೆ.

ಉರಿಯ ಮೇಲಿನ ಪ್ರೀತಿ ಅಮೆರಿಕದಲ್ಲಿ ತಾನಾಗಿ ಹುಟ್ಟಿದ್ದಲ್ಲ. "ಈಗ ಗ್ಯಾಸಿನಲ್ಲಿ ಬೇಯುತ್ತಿದೆ ನೋಡಿ" ಎಂಬರ್ಥದ ಇಂಗ್ಲಿಷ್ ನುಡಿಗಟ್ಟನ್ನು 1930ರ ದಶಕದಲ್ಲಿ ಅನಿಲ ಉದ್ಯಮವೇ ರೇಡಿಯೊ ಹಾಸ್ಯಗಾರರ ಬಾಯಿಗೆ ಹಾಕಿ ಹರಡಿತು. 1970ರ ದಶಕದಲ್ಲಿ ಗ್ಯಾಸ್ ಒಲೆ ಮತ್ತು ಉಸಿರಾಟದ ರೋಗಗಳ ನಂಟು ಚರ್ಚೆಗೆ ಬಂದಾಗ, ತಂಬಾಕು ಕಂಪನಿಗಳ ಪರ ಕೆಲಸ ಮಾಡಿದ್ದ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯ ನೆರವನ್ನೇ ಆ ಉದ್ಯಮ ಪಡೆಯಿತು. ಮೀಥೇನಿಗೆ 'ನೈಸರ್ಗಿಕ ಅನಿಲ' ಎಂಬ ಹೆಸರು ಅಂಟಿಕೊಂಡಿರುವುದರಿಂದ ಯಾರಿಗೆ ಲಾಭವೆಂದು ಹೇಳಬೇಕಿಲ್ಲ.

2019ರಲ್ಲಿ ಬರ್ಕ್ಲಿ ನಗರ ಹೊಸ ಕಟ್ಟಡಗಳಿಗೆ ಅನಿಲದ ಕೊಳವೆ ಎಳೆಯುವುದನ್ನು ನಿಷೇಧಿಸಿತು. ದೇಶದಲ್ಲೇ ಮೊದಲ ಇಂಥ ನಿಯಮ ಅದು. ಕ್ಯಾಲಿಫೋರ್ನಿಯಾದ ರೆಸ್ಟೊರೆಂಟ್ ಮಾಲೀಕರ ಸಂಘ ನ್ಯಾಯಾಲಯಕ್ಕೆ ಹೋಯಿತು. ಅದರ ವಾದಗಳಲ್ಲಿ ಒಂದು ಇಲ್ಲಿ ಗಮನಾರ್ಹ: ಬೆಂಕಿಯಲ್ಲಿ ಸುಟ್ಟ ತರಕಾರಿ, ವೋಕ್ ಬಾಣಲೆಯಂಥ ಪರದೇಶದ ಅಡುಗೆಗಳು ಉರಿಯಿಲ್ಲದೆ ಬದುಕಲಾರವು. ವಲಸಿಗರ ವೀಸಾ, ವೇತನ, ವಸತಿಗಳ ಪ್ರಶ್ನೆ ಬಂದಾಗ ಉದ್ಯಮಗಳ ಒಕ್ಕೂಟಗಳಲ್ಲಿ ಇಷ್ಟು ಕಳಕಳಿ ಕಾಣುವುದು ಅಪರೂಪ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ, ಬಾಣಲೆಯ ಕಾರಣಕ್ಕಲ್ಲ, ಒಕ್ಕೂಟದ ಕಾನೂನಿಗೆ ವಿರುದ್ಧವೆಂಬ ಕಾರಣಕ್ಕೆ ಬರ್ಕ್ಲಿಯ ನಿಯಮವನ್ನು ತಳ್ಳಿಹಾಕಿತು. ಅದೇ ವರ್ಷ ಜೂನಿನಲ್ಲಿ ಕೆಳಸದನ ಗ್ಯಾಸ್ ಒಲೆಗಳ 'ರಕ್ಷಣೆ ಮತ್ತು ಸ್ವಾತಂತ್ರ್ಯ'ದ ಹೆಸರಿನಲ್ಲೇ ಒಂದು ಮಸೂದೆಯನ್ನು ಅಂಗೀಕರಿಸಿತು. ಮಕ್ಕಳ ಉಬ್ಬಸಕ್ಕೆ ಅಂಥ ಹೆಸರಿನ ಮಸೂದೆಯೇನೂ ಬರಲಿಲ್ಲ. "ನಮ್ಮ ಅಡುಗೆಗೆ ಉರಿ ಕಾಣಬೇಕು" ಎನ್ನುವ ಅನಿವಾಸಿ ಕನ್ನಡಿಗ ತಿಳಿದೋ ತಿಳಿಯದೆಯೋ ನಿಲ್ಲುವುದು ಈ ಸಾಲಿನಲ್ಲಿ.

ಗ್ಯಾಸಿನ ಮೇಲಿನ ಮಮತೆಗೆ ಊರಿನಲ್ಲಿ ನ್ಯಾಯವಾದ ಬೇರುಗಳಿವೆ. ಸೌದೆ ಒಲೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಊದುಗೊಳವೆ ಊದಿದ ಅಮ್ಮ, ಅಜ್ಜಿಯರಿಗೆ ಸಿಲಿಂಡರು ನಿಜಕ್ಕೂ ಬಿಡುಗಡೆಯಾಗಿತ್ತು. ಇಂದಿಗೂ ಸೌದೆಯೊಂದೇ ಗತಿಯಾಗಿರುವ ಮನೆಗೆ ಅದು ಬಿಡುಗಡೆಯೇ. ಆದರೆ ಅಜ್ಜಿ ಹೋಲಿಸಿ ನೋಡಿದ್ದು ಹೊಗೆಯನ್ನೂ ಗ್ಯಾಸನ್ನೂ. ಸ್ಯಾನ್ ಹೋಸೆಯ ಮೊಮ್ಮಗಳ ಮುಂದಿರುವುದು ಗ್ಯಾಸು ಮತ್ತು ಹೊಗೆಯೇ ಇಲ್ಲದ ಒಲೆ. ಅಜ್ಜಿಯ ಕೃತಜ್ಞತೆಯನ್ನು ಅಮೆರಿಕದ ಅನಿಲ ಕಂಪನಿಯ ಖಾತೆಗೆ ಜಮಾ ಮಾಡಬೇಕಾದ ಕಾರಣವಿಲ್ಲ.

ಕರೆಂಟು ಹೋದರೆ ಎಂಬ ಆಕ್ಷೇಪ ಅರ್ಧ ಮಾತ್ರ ಸರಿ. ಮೇಲಿನ ಬರ್ನರನ್ನು ಕಡ್ಡಿ ಗೀರಿ ಹಚ್ಚಬಹುದು. ಇಂದಿನ ಹೆಚ್ಚಿನ ಗ್ಯಾಸ್ ಓವನ್‌ಗಳು ಹೊತ್ತಿಕೊಳ್ಳುವುದಕ್ಕೂ ವಿದ್ಯುತ್ತು ಬೇಕು. ವಿದ್ಯುತ್ತಿನ ದೊಡ್ಡ ಪಾಲು ಅನಿಲ ಸುಟ್ಟೇ ಬರುತ್ತದಲ್ಲ ಎಂಬ ಆಕ್ಷೇಪದಲ್ಲಿ ಹೆಚ್ಚು ಹುರುಳಿದೆ. ಆದರೆ ಆ ಹೊಗೆ ತೊಟ್ಟಿಲ ಪಕ್ಕದಲ್ಲಿ ಹುಟ್ಟುವುದಿಲ್ಲ, ಮತ್ತು ತಂತಿಯ ಆ ತುದಿಯಲ್ಲಿ ನಾಳೆ ಗಾಳಿಯಂತ್ರವನ್ನೋ ಸೌರಫಲಕವನ್ನೋ ಜೋಡಿಸಬಹುದು. ಅಡುಗೆಮನೆಗೆ ಬರುವ ಅನಿಲದ ಕೊಳವೆಗೆ ಆ ಭವಿಷ್ಯವಿಲ್ಲ.

ಇಷ್ಟಾದರೂ ಒಂದು ಅಸಮಾಧಾನ ಉಳಿಯುತ್ತದೆ. ಆಯ್ಕೆ ಎಂಬ ಮಾತು ಮನೆ ಉಳ್ಳವರ ಮಾತು. ಎಲೆಕ್ಟ್ರಿಕ್ ಓವನ್ನಿಗೆ 240 ವೋಲ್ಟಿನ ಪ್ರತ್ಯೇಕ ತಂತಿ ಬೇಕು; ಹಳೆಯ ಕಟ್ಟಡಗಳಲ್ಲಿ ಅದನ್ನು ಎಳೆಸುವುದಕ್ಕೆ ಒಲೆಯ ಬೆಲೆಯನ್ನೂ ಮೀರಿದ ಖರ್ಚಾಗಬಹುದು. 2022ರ ಹವಾಮಾನ ಕಾನೂನು ಕಡಿಮೆ ಮತ್ತು ಮಧ್ಯಮ ವರಮಾನದ ಕುಟುಂಬಗಳಿಗೆ ಎಲೆಕ್ಟ್ರಿಕ್ ಒಲೆಗೆಂದು 840 ಡಾಲರಿನವರೆಗೆ ಸಹಾಯಧನ ಇಟ್ಟಿತು. ಆದರೆ ಗೋಡೆಯೊಳಗಿನ ತಂತಿ ಮಾಲೀಕನದು. ಹೊಗೆ ಮಾತ್ರ ಬಾಡಿಗೆದಾರನದು: ನಾಲ್ವರು ಸೇರಿ ಒಂದು ಫ್ಲ್ಯಾಟು ಹಿಡಿದ ವಿದ್ಯಾರ್ಥಿಗಳದು, ಚಳಿಗಾಲದಲ್ಲಿ ಮಾಲೀಕ ಹೀಟರು ಸರಿಪಡಿಸದಿದ್ದಾಗ ಓವನ್ನಿನ ಬಾಗಿಲು ತೆರೆದಿಟ್ಟು ಮೈ ಕಾಯಿಸಿಕೊಳ್ಳುವ ಕುಟುಂಬದ್ದು. ಪ್ರಗತಿಪರರ ವಾಟ್ಸ್ಯಾಪ್ ಗುಂಪುಗಳಲ್ಲಿ ಯಾವ ಕಂಪನಿಯ ಇಂಡಕ್ಷನ್ ಒಳ್ಳೆಯದೆಂಬ ಚರ್ಚೆ ನಡೆದಷ್ಟು, ಹಳೆಯ ಗ್ಯಾಸ್ ಒಲೆ ಕೆಟ್ಟಾಗ ಅದರ ಜಾಗದಲ್ಲಿ ಮತ್ತೊಂದು ಗ್ಯಾಸ್ ಒಲೆ ಇಡದಂತೆ ಮಾಲೀಕರನ್ನು ಕಟ್ಟಿಹಾಕುವ ನಗರ ನಿಯಮಗಳ ಚರ್ಚೆ ನಡೆಯುವುದಿಲ್ಲ.

ದಾರಿ ಇಲ್ಲವೆಂದಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಪರಿಸರ ನ್ಯಾಯಕ್ಕಾಗಿ ಹೋರಾಡುವ 'ವಿ ಆ್ಯಕ್ಟ್' ಸಂಘಟನೆ ಸಾರ್ವಜನಿಕ ವಸತಿಯ 20 ಮನೆಗಳನ್ನು ಆರಿಸಿ, ಅರ್ಧದಷ್ಟು ಮನೆಗಳಿಗೆ ಇಂಡಕ್ಷನ್ ಒಲೆ ಕೊಟ್ಟು ಗಾಳಿಯನ್ನು ಅಳೆಯಿತು. ಆ ಮನೆಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಶೇ. 35ರಷ್ಟು ಇಳಿಯಿತು. ಒಬ್ಬರೂ ಹಳೆಯ ಒಲೆ ವಾಪಸು ಬೇಕೆನ್ನಲಿಲ್ಲ. ಹೊಸ ತಂತಿ ಎಳೆಯದೆ ಸಾಮಾನ್ಯ 120 ವೋಲ್ಟಿನ ಪ್ಲಗ್ಗಿಗೇ ಸಿಕ್ಕಿಸಬಹುದಾದ, ಬ್ಯಾಟರಿ ಜೋಡಿಸಿದ ಒಲೆಗಳೂ ಈಗ ಬಂದಿವೆ. ಅವನ್ನು ಹಾಕಿಸುವಂತೆ ಮಾಲೀಕರನ್ನು ಒತ್ತಾಯಿಸುವ ಬಾಡಿಗೆದಾರರ ಸಂಘಗಳಿಗೆ, ಮನೆ ಕೊಂಡು ನೆಲೆನಿಂತ ಕನ್ನಡಿಗರ ಬೆಂಬಲ ಸಿಗಬೇಕು. ಅಲ್ಲಿಯವರೆಗೆ ಬಾಡಿಗೆಮನೆಯ ಕೇಕಿಗೆ, ಅದೇ ಪ್ಲಗ್ಗಿನಲ್ಲಿ ನಡೆಯುವ ಮೇಜಿನ ಮೇಲಿನ ಪುಟ್ಟ ಎಲೆಕ್ಟ್ರಿಕ್ ಓವನ್ ಸಾಕು. ಅದಕ್ಕೆ ಮಾಲೀಕನ ಅಪ್ಪಣೆ ಬೇಕಿಲ್ಲ.