ನಮ್ಮ ಶಾಲೆಯ ಬೀರುವಿನಲ್ಲಿ ಯಾರಿಲ್ಲ?

ಗಡಿನಾಡ ಕನ್ನಡ ಶಾಲೆಗಳಿಗೆ ಪುಸ್ತಕ ದಾನ ಮಾಡುವ ಮಹನೀಯರಿಗೆಲ್ಲ ಮೊದಲು ನಮಸ್ಕಾರ. ನವೆಂಬರ್ ಬಂದರೆ ಅತ್ತಿಬೆಲೆ ದಾಟಿ ನಮ್ಮ ಹೊಸೂರು ಕಡೆಗೂ ಒಂದೆರಡು ಕಾರು ಬರುತ್ತವೆ. ಬಾವುಟ, ಶಾಲು, ಸಿಹಿ, ಫೋಟೋ, ಆಮೇಲೆ ಒಂದು ಪೆಟ್ಟಿಗೆ ಪುಸ್ತಕ. ಅದರಲ್ಲಿ ಏನಿದೆ ಅಂತ ಒಡೆಯದೆಯೇ ಹೇಳಬಲ್ಲೆ. ರಾಮಾಯಣ ಮಹಾಭಾರತದ ಸಂಗ್ರಹ, ತೆನಾಲಿ ರಾಮನ ಕತೆ, ವ್ಯಕ್ತಿತ್ವ ವಿಕಸನ, ಮೂವತ್ತು ದಿನದಲ್ಲಿ ಇಂಗ್ಲಿಷ್, ಯಾರದೋ ಅಭಿನಂದನ ಗ್ರಂಥ (ಇದಂತೂ ಐದೈದು ಪ್ರತಿ!), ಜ್ಞಾನಪೀಠ ಬಂದವರ ಒಂದೆರಡು ಕೃತಿ. ಕೊಟ್ಟಿದ್ದಕ್ಕೆ ಹೆಸರಿಡಬಾರದು ಅನ್ನುತ್ತಾರೆ. ಆ ಪುಸ್ತಕ ಓದಬೇಕಾದ ಮಕ್ಕಳಿಗೆ ಪಾಠ ಹೇಳುವವನು ನಾನು, ಹಾಗಾಗಿ ಇವತ್ತು ಹೆಸರಿಡುತ್ತೇನೆ.

ಈ ಮಕ್ಕಳು ಯಾರು? ತಳಿ, ಬಾಗಲೂರು, ಬೇರಿಕೆ, ಕೆಲಮಂಗಲದ ಕಡೆ ಅನುಕೂಲಸ್ಥರ ಮಕ್ಕಳು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿ ಹೋದ ಮೇಲೆ ನಮ್ಮ ಕನ್ನಡ ಮೀಡಿಯಂಗೆ ಉಳಿದವರು. ಅಪ್ಪ ಸಿಪ್ಕಾಟ್‌ನಲ್ಲಿ ಕಾಂಟ್ರಾಕ್ಟ್ ಕೆಲಸ, ಅಮ್ಮ ಗುಲಾಬಿ ತೋಟದಲ್ಲಿ ಕೂಲಿ. ಮನೆಯಲ್ಲಿ ಒಬ್ಬರದು ಕನ್ನಡ, ಒಬ್ಬರದು ತೆಲುಗು, ಇನ್ನೊಬ್ಬರದು ಉರ್ದು. ಬೀದಿಯಲ್ಲಿ ತಮಿಳು. 2006ರ ಕಾಯ್ದೆ ಬಂದ ಮೇಲೆ ಶಾಲೆಯಲ್ಲೂ ತಮಿಳು ಕಡ್ಡಾಯ. ಕಲಿಯಲಿ, ಇಲ್ಲಿ ಬದುಕುವವರಿಗೆ ತಮಿಳು ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ "ಕನ್ನಡ ಯಾಕೆ ಓದಬೇಕು ಸಾರ್?" ಅಂತ ಆ ಮಗು ಕೇಳಿದರೆ ಏನು ಹೇಳೋಣ? ಕೆಲಸ ಸಿಗುತ್ತೆ ಅಂತ ಸುಳ್ಳು ಹೇಳಲಾಗುವುದಿಲ್ಲ. "ನಿನ್ನ ಮನೆಯಂಥ ಮನೆಯ ಕತೆ ಈ ಭಾಷೆಯಲ್ಲಿ ಬರೆದಿದ್ದಾರೆ, ಬಾ ಓದೋಣ" ಅಂತ ಹೇಳಬಹುದು. ಅದು ನಿಜವೂ ಹೌದು. ಆದರೆ ಆ ಪುಸ್ತಕಗಳು ಮಾತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ!

ಸಾರಾ ಅಬೂಬಕ್ಕರ್ ಅವರನ್ನೇ ತೆಗೆದುಕೊಳ್ಳಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮನೆಮಾತು ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. ಮುಂದೆ ಓದುವ ಆಸೆಗೆ ಸಮುದಾಯದ ಕಟ್ಟುಪಾಡು ಅಡ್ಡ ಬಂತು. ಒಂದು ಲೈಬ್ರರಿಯ ಸದಸ್ಯತ್ವ ಸಿಗಬೇಕಾದರೆ 1963 ಆಗಬೇಕಾಯಿತು. ಇಪ್ಪತ್ತೇಳು ವರ್ಷ! ಅಂಥವರು ಬರೆದ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ತಲಾಖ್‌ಗೆ ಸಿಕ್ಕಿದ ನಾದಿರಾಳ ಕತೆಯನ್ನು ನಾಡೆಲ್ಲ ಓದಿತು. ಮನೆಯಲ್ಲಿ ಬೇರೆ ಭಾಷೆ, ಶಾಲೆಯಲ್ಲಿ ಕನ್ನಡ, ಊರು ಈಗ ಬೇರೆ ರಾಜ್ಯದಲ್ಲಿ. ನಮ್ಮ ಮಕ್ಕಳಿಗೆ ಇವರಿಗಿಂತ ಹತ್ತಿರದ ಲೇಖಕಿ ಯಾರಿದ್ದಾರೆ ಹೇಳಿ? 2023ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಎಷ್ಟು ಕನ್ನಡ ಶಾಲೆಗಳ ಪ್ರಾರ್ಥನೆಯಲ್ಲಿ ಆ ಹೆಸರು ಹೇಳಿದರೋ ನೀವೇ ನೆನಪಿಸಿಕೊಳ್ಳಿ.

ಬಾನು ಮುಷ್ತಾಕ್ ಅವರ ಹೆಸರು ಈಗ ಎಲ್ಲರಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳಿಗೆ ಬಂದ ಬಹುಮಾನ ಅದು. ಮರುದಿನದಿಂದ ವಾಟ್ಸಾಪ್ ತುಂಬ ಕನ್ನಡದ ಹೆಮ್ಮೆಯೋ ಹೆಮ್ಮೆ. ಸಂತೋಷವೇ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ ಸ್ನೇಹಿತರೆ, ಅವರ ಮೊದಲ ಕಥಾಸಂಕಲನ ಬಂದದ್ದು 1990ರಲ್ಲಿ. ಮೂವತ್ತೈದು ವರ್ಷ ಆ ಕತೆಗಳು ಕನ್ನಡದಲ್ಲೇ ಇದ್ದವು, ನಾವು ಓದುವ ಲಿಪಿಯಲ್ಲೇ ಇದ್ದವು. ಉರ್ದು ಮನೆಯ ಹುಡುಗಿ, ಎಂಟು ವರ್ಷಕ್ಕೆ ಶಿವಮೊಗ್ಗದ ಕನ್ನಡ ಶಾಲೆಗೆ ಸೇರುವಾಗ ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕು ಅಂತ ಷರತ್ತು ಹಾಕಿದ್ದರಂತೆ. ನಮ್ಮ ಒಂದೊಂದು ಕ್ಲಾಸಿನಲ್ಲೂ ಅಂಥ ಹುಡುಗಿಯರು ಕೂತಿದ್ದಾರೆ. ಹಾಸನದಲ್ಲಿ ಬರೆದದ್ದು ಒಳ್ಳೆಯದು ಅಂತ ಹೊಸೂರಿಗೆ ಗೊತ್ತಾಗಲು ಲಂಡನ್‌ನಿಂದ ಸುದ್ದಿ ಬರಬೇಕಿತ್ತೇ?

ಸರಿ, ಯಾಕೆ ಹೀಗೆ? ಕೇಳಿದರೆ ಮೊದಲ ಉತ್ತರ "ಭಾಷೆ ಶುದ್ಧವಾಗಿಲ್ಲ, ಮಕ್ಕಳು ಕೆಡುತ್ತಾರೆ". ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಮಗು 'ಹೋಗು' ಅನ್ನುವುದನ್ನು 'ಓಗು' ಅಂತ ಬರೆದರೆ ಕೆಂಪು ಗೆರೆ. ಅಜ್ಜಿ ಆಡುವ ಮಾತು ತಪ್ಪು, ಅವ್ವ ಆಡುವ ಮಾತು ತಪ್ಪು. ನಂಜನಗೂಡು ಕಡೆಯ ಕೇರಿಯ ಮಾತನ್ನೇ ಬಳಸಿ ದೇವನೂರ ಮಹಾದೇವ ಬರೆದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಲಬುರಗಿ ಕಡೆಯ ಮಾತಿನ 'ಬದುಕು' ಕಾದಂಬರಿಗೆ 2004ರಲ್ಲಿ ಅದೇ ಪ್ರಶಸ್ತಿ ಪಡೆದ ಗೀತಾ ನಾಗಭೂಷಣ ಮಿಲ್ ಕಾರ್ಮಿಕನ ಮಗಳು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಅವರೇ. ಅಕಾಡೆಮಿಗೆ ಶುದ್ಧವಾಗಿ ಕಂಡದ್ದು ನಮ್ಮ ಸ್ಟಾಫ್ ರೂಮಿಗೆ ಮಾತ್ರ ಮೈಲಿಗೆ!

'ಒಡಲಾಳ'ದಲ್ಲಿ ಒಂದು ರಾತ್ರಿಯ ಪ್ರಸಂಗ ಇದೆ. ಕದ್ದು ತಂದ ಒಂದು ಮೂಟೆ ಕಡ್ಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ಬೆಂಕಿಯ ಸುತ್ತ ಕೂತು ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬಂದು ಹುಡುಕುತ್ತಾರೆ. ಕಡ್ಲೆಕಾಯಿ ಬೆಳೆಯುವ ನಮ್ಮ ಊರುಗಳಲ್ಲಿ ಇದನ್ನು ಗಟ್ಟಿಯಾಗಿ ಓದಿ ನೋಡಿ, ಯಾವ ಮಗುವಿಗೂ ಅರ್ಥ ಬರೆಸಬೇಕಾಗಿಲ್ಲ. ಹಸಿವು ಅಂದರೇನು, ಮನೆಗೆ ಪೊಲೀಸ್ ಬಂದರೆ ಹೇಗಿರುತ್ತದೆ ಅನ್ನುವುದು ಕೆಲವರಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು.

ಎರಡನೇ ಉತ್ತರ "ಮಕ್ಕಳಿಗೆ ಜಾತಿ ವಿಷಯ ಯಾಕೆ ಸಾರ್?" ಅಯ್ಯಾ, ಯಾವ ಮನೆಯಲ್ಲಿ ನೀರು ಕೇಳಬಾರದು ಅಂತ ಒಂದನೇ ಕ್ಲಾಸಿಗೆ ಬರುವ ಮೊದಲೇ ಕಲಿತು ಬಂದಿರುತ್ತದೆ ಮಗು. ಸಿದ್ದಲಿಂಗಯ್ಯನವರ 'ಊರು ಕೇರಿ' ಆ ಮಗುವಿಗೆ ಹೊಸ ವಿಷಯ ಹೇಳುವುದಿಲ್ಲ. ಗೊತ್ತಿರುವುದನ್ನು ನಗುತ್ತಾ ಹೇಳುವುದು ಹೇಗೆ ಅಂತ ತೋರಿಸುತ್ತದೆ. ಅಪ್ಪನನ್ನೂ ಇನ್ನೊಬ್ಬರನ್ನೂ ಎತ್ತಿನ ಹಾಗೆ ನೊಗಕ್ಕೆ ಕಟ್ಟಿ ಉತ್ತದ್ದನ್ನು ಬರೆದ ಅದೇ ಕೈ ಪುಟಪುಟಕ್ಕೂ ನಗಿಸುತ್ತದೆ. ಅರವಿಂದ ಮಾಲಗತ್ತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಣಕದ ಮಾತನ್ನೇ 'ಗೌರ್ಮೆಂಟ್ ಬ್ರಾಹ್ಮಣ' ಅಂತ ಪುಸ್ತಕದ ಹೆಸರು ಮಾಡಿದರು.

1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಅಂದದ್ದಕ್ಕೆ ಗಲಾಟೆಯಾಗಿ ಮಂತ್ರಿಗಿರಿಯೇ ಹೋಯಿತು. ಬೂಸಾ ಅಂದರೆ ಏನು ಅಂತ ಹಸು ಕಟ್ಟಿದ ನಮ್ಮ ಪೋಷಕರಿಗೆ ವಿವರಿಸಬೇಕಾಗಿಲ್ಲ. ಆದರೆ ಆ ವರ್ಷವೇ ದೇವನೂರರ 'ದ್ಯಾವನೂರು' ಬಂತು, 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಐವತ್ತು ವರ್ಷ ಕಳೆದಿದೆ. ಬೂಸಾ ಅಲ್ಲದ ಸಾಹಿತ್ಯ ರಾಶಿ ಬಿದ್ದಿರುವಾಗ ಗಡಿಯ ಮಕ್ಕಳಿಗೆ ಇನ್ನೂ ಅದೇ ಬೂಸಾ ಮೂಟೆ ಕಳಿಸುತ್ತಿದ್ದೇವೆ.

ಹಾಗಾದರೆ ದಲಿತರು, ಮುಸ್ಲಿಮರು, ಹೆಂಗಸರು ಬರೆದದ್ದೆಲ್ಲ ಒಳ್ಳೆಯದೇ ಅಂತ ಕೇಳುವವರಿದ್ದಾರೆ. ಖಂಡಿತ ಇಲ್ಲ. ಎಲ್ಲರ ಹಾಗೆ ಅವರಲ್ಲೂ ಜೊಳ್ಳಿದೆ. ಅದಕ್ಕೇ ಆರಿಸಬೇಕು, ಆರಿಸಲು ಓದಬೇಕು. ಹೊಸೂರಿನಿಂದ ಬೆಂಗಳೂರಿಗೆ ನಲವತ್ತು ಕಿಲೋಮೀಟರ್. ಒಂದು ಭಾನುವಾರ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಕೈಯಾಡಿಸಿ. ಒಂದು ಪುಸ್ತಕ ಹಿಡಿಸಿದರೆ ಅದರ ಮುನ್ನುಡಿ, ಬೆನ್ನುಡಿಯಲ್ಲಿ ಬರುವ ಹೆಸರುಗಳನ್ನು ಗುರುತು ಹಾಕಿಕೊಳ್ಳಿ, ಅಲ್ಲಿಂದ ಮುಂದಿನದು ಸಿಗುತ್ತದೆ. ತಂದ ಮೇಲೆ ಹತ್ತು ಪುಟ ಕ್ಲಾಸಿನಲ್ಲಿ ಓದಿ ನೋಡಿ. ಮಕ್ಕಳು "ಆಮೇಲೆ?" ಅಂತ ಕೇಳಿದರೆ ಇಟ್ಟುಕೊಳ್ಳಿ, ಆಕಳಿಸಿದರೆ ಲೇಖಕ ಯಾವ ಜಾತಿಯವನಾದರೂ ಪಕ್ಕಕ್ಕಿಡಿ. ಚಿಕ್ಕವರಿಗೆ ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ ಬಾಪು ಗಾಂಧಿ ಆದ ಕತೆ'ಯಿಂದ ಶುರು ಮಾಡಬಹುದು. ಎಲ್ಲವೂ ಎಲ್ಲ ವಯಸ್ಸಿಗೆ ಅಲ್ಲ, ಅದೂ ಸರಿ. ನಮ್ಮ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಹುಟ್ಟಿದ, ಹಿಜ್ರಾ ಸಮುದಾಯದ ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿಯವರು ತಮಿಳಿನಿಂದ 'ಬದುಕು ಬಯಲು' ಅಂತ ಕನ್ನಡಕ್ಕೆ ತಂದಿದ್ದಾರೆ. ಅದನ್ನು ಮೊದಲು ಟೀಚರುಗಳು ಓದಿಕೊಳ್ಳೋಣ. ಕ್ಲಾಸಿನಲ್ಲಿ ಎಲ್ಲರೂ ಆಡಿಕೊಳ್ಳುವ ಒಂದು ಮಗುವನ್ನು ನೋಡುವ ನಮ್ಮ ಕಣ್ಣು ಬದಲಾಗಬೇಕಾಗಿದೆ.

ಕೊನೆಗೆ ಒಂದು ವಿನಂತಿ, ಇದು ನಮ್ಮ ಶಾಲೆಗಳವರಿಗೇ. ಈ ಪುಸ್ತಕ ತಂದು 'ದಲಿತ ಸಾಹಿತ್ಯ', 'ಮುಸ್ಲಿಂ ಲೇಖಕರು' ಅಂತ ಚೀಟಿ ಅಂಟಿಸಿ ಕೆಳಗಿನ ಹಲಗೆಗೆ ತಳ್ಳಬೇಡಿ. ಊರಿನಲ್ಲಿರುವ ಕೇರಿ ಸಾಲದೇ, ಬೀರುವಿನಲ್ಲೂ ಒಂದು ಬೇಕೇ? ಸುಮ್ಮನೆ ಅಕಾರಾದಿಯಲ್ಲಿ ಜೋಡಿಸಿ. ಗೀತಾ, ದೇವನೂರ, ಬಾನು, ಬೊಳುವಾರು, ಮಾಸ್ತಿ, ಸಾರಾ, ಸಿದ್ದಲಿಂಗಯ್ಯ. ಮಾಸ್ತಿ ನಮ್ಮ ಪಕ್ಕದ ಮಾಲೂರು ತಾಲೂಕಿನವರು, ಅವರೂ ಮನೆಯಲ್ಲಿ ತಮಿಳು ಮಾತಾಡಿಕೊಂಡೇ ಕನ್ನಡ ಬರೆದವರು.