ಬಿಸಿಲು ಬೀಳೋದು ತಾರಸಿ ಮೇಲೆ, ಥರ್ಮಾಕೋಲ್ ಹಾಕೋದು ಕೆಳಗೆ!

ಏಪ್ರಿಲ್ ಬಂದ್ರೆ ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಅಲ್ಲಿನ ಆರ್‌ಸಿಸಿ ಮನೆಗಳ ಮೇಲಂತಸ್ತಿನಲ್ಲಿ ರಾತ್ರಿ ಹತ್ತಾದರೂ ಸೀಲಿಂಗಿನಿಂದ ಧಗೆ ಇಳಿಯುತ್ತಲೇ ಇರುತ್ತೆ. ಇದಕ್ಕೆ ಈಗ ಎಲ್ಲರೂ ಹೇಳೋ ಮದ್ದು ಒಂದೇ: ಥರ್ಮಾಕೋಲ್ ಇಟ್ಟು ಫಾಲ್ಸ್ ಸೀಲಿಂಗ್ ಹೊಡೆಸಿ, ಆಮೇಲೆ ಎಸಿ ಹಾಕಿಸಿ. ಸ್ವಂತ ಮನೆ ಇರೋರು ಹೀಗೆ ಮಾಡಬಾರದು ಅನ್ನೋದು ನನ್ನ ವಾದ.

ಹೀಟ್ ಟ್ರಾನ್ಸ್‌ಫರ್‌ನಲ್ಲಿ ಕಾಂಪೋಸಿಟ್ ವಾಲ್ ಲೆಕ್ಕ ಮಾಡ್ತೀವಲ್ಲ, ಅದನ್ನ ಒಮ್ಮೆ ಮನೆಯ ತಾರಸಿಗೆ ಹಾಕಿ ನೋಡಿ. 150 ಮಿ.ಮೀ. ಸ್ಲ್ಯಾಬ್ ಒಂದೇ ಇದ್ದರೆ ಯು-ವ್ಯಾಲ್ಯೂ ಸುಮಾರು 3.3 ಬರುತ್ತೆ. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಪ್ರತಿ ಚದರ ಮೀಟರಿಗೆ 3.3 ವ್ಯಾಟ್ ಶಾಖ ಒಳಗೆ. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ ಮನೆಗಳ ಛಾವಣಿಗೆ ಹೇಳೋ ಮಿತಿ 1.2. ಒಂದಿಂಚಿನ, ಅಂದರೆ 25 ಮಿ.ಮೀ. ಎಕ್ಸ್‌ಪಿಎಸ್ ಶೀಟ್ ಸೇರಿಸಿದರೆ 0.9ರ ಹತ್ತಿರ ಇಳಿಯುತ್ತೆ. ಇನ್ನೊಂದಿಂಚು ಸೇರಿಸಿದರೆ 0.5. ಮೊದಲ ಇಂಚಿನ ಲಾಭ ಎರಡನೇ ಇಂಚಿಗೆ ಇಲ್ಲ. ಅಂಗಡಿಯವನು ‘ದಪ್ಪ ಇದ್ದಷ್ಟೂ ಒಳ್ಳೇದು ಸಾರ್’ ಅಂದಾಗ ಈ ಲೆಕ್ಕ ನೆನಪಿರಲಿ.

ಈಗ ಮುಖ್ಯ ವಿಷಯ. ಶೀಟನ್ನ ಸ್ಲ್ಯಾಬ್ ಮೇಲಿಟ್ಟರೂ ಕೆಳಗಿಟ್ಟರೂ ಲೆಕ್ಕದಲ್ಲಿ ಯು-ವ್ಯಾಲ್ಯೂ ಒಂದೇ. ಯಾಕಂದ್ರೆ ಅದು ಸ್ಟೆಡಿ ಸ್ಟೇಟ್ ಲೆಕ್ಕ, ಬಿಸಿಲು ಸ್ಟೆಡಿ ಅಲ್ಲವಲ್ಲ. ಕೆಳಗಿಟ್ಟರೆ ಸ್ಲ್ಯಾಬ್ ಹಗಲೆಲ್ಲ ಕಾದು ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ವರ್ಷಗಟ್ಟಲೆ ಇದೇ ಆಟ ನಡೆದರೆ ಬಿರುಕು, ಆಮೇಲೆ ಮಳೆಗಾಲದಲ್ಲಿ ಸೋರಿಕೆ. ಮೇಲಿಟ್ಟರೆ ಸ್ಲ್ಯಾಬೇ ನೆರಳಲ್ಲಿ ಇದ್ದಂತೆ. ವಾಟರ್‌ಪ್ರೂಫಿಂಗ್ ಮಾಡಿ, ಅದರ ಮೇಲೆ ಎಕ್ಸ್‌ಪಿಎಸ್, ಅದರ ಮೇಲೆ ಕಾಂಕ್ರೀಟ್ ಪದರ ಹಾಕಿ ಬಿಳಿ ಟೈಲ್ಸ್ ಕೂರಿಸಿದರೆ ಓಡಾಡೋಕೂ ಆಗುತ್ತೆ, ಹಪ್ಪಳ ಒಣಗಿಸೋಕೂ ಆಗುತ್ತೆ. ಇನ್ನು ಥರ್ಮಾಕೋಲ್ ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತು. ಅದನ್ನ ತಂದು ವೈರಿಂಗ್, ಲೈಟುಗಳ ಪಕ್ಕದಲ್ಲೇ ಮಲಗಿಸೋದು ಎಂಥ ಜಾಣತನವೋ!

ಒಂದು ಮಾತು ಒಪ್ಪಬೇಕು. ರಾತ್ರಿ ಮಾತ್ರ ಎಸಿ ಹಾಕೋ ಒಂದೇ ಕೋಣೆ ಇದ್ದರೆ ಕೆಳಗಿನ ಇನ್ಸುಲೇಷನ್ ಕೋಣೆಯನ್ನ ಬೇಗ ತಂಪು ಮಾಡುತ್ತೆ, ಸ್ಲ್ಯಾಬನ್ನೂ ತಣಿಸೋ ಕೆಲಸ ಎಸಿಗೆ ಇರೋದಿಲ್ಲ. ಮಂಗಳೂರು ಹೆಂಚಿನ, ತಗಡಿನ ಮನೆಗಳ ಕಥೆಯೂ ಬೇರೆ. ಅಲ್ಲಿ ಅಟ್ಟದ ಮೇಲೆ ಗಾಳಿ ಓಡಾಡೋ ಜಾಗ ಬಿಟ್ಟು, ಹೆಂಚಿನ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿದರೂ ಸಾಕಷ್ಟು ಫಲ ಸಿಗುತ್ತೆ. ಫಾಯಿಲನ್ನ ಹೆಂಚಿಗೇ ಅಂಟಿಸಿದರೆ ಮಾತ್ರ ದಂಡ, ಅದಕ್ಕೆ ಗಾಳಿಯ ಸಂದು ಬೇಕೇ ಬೇಕು.

ಇದ್ಯಾವುದಕ್ಕೂ ದುಡ್ಡಿಲ್ಲ ಅಂದ್ರೆ ಬಿಳಿ ಬಣ್ಣ. ಪಕ್ಕದ ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ತಂದಿದೆ. ನಾವು ಸುಣ್ಣ ಹಚ್ಚೋಕೆ ನೀತಿ ಬರಲಿ ಅಂತ ಕಾಯಬೇಕಾಗಿಲ್ಲ. ಮಳೆಗೆ ತೊಳೆದು ಹೋಗುತ್ತೆ, ವರ್ಷಾ ವರ್ಷ ಹಚ್ಚಬೇಕು, ನಿಜ. ಮಣ್ಣಿನ ಮಾಳಿಗೆ ಮನೆಗಳ ಕಾಲದಲ್ಲಿ ಹಿರಿಯರೂ ಮಳೆಗೆ ಮೊದಲು ಮಾಳಿಗೆ ರಿಪೇರಿ ಮಾಡ್ತಾನೇ ಇದ್ದರು.

ನನಗೆ ಸಿಟ್ಟು ಬರೋದು ಬಾಡಿಗೆ ಮನೆಗಳ ವಿಷಯಕ್ಕೆ. ತಾರಸಿ ಓನರ್‌ದು, ಕರೆಂಟ್ ಬಿಲ್ಲು ಬಾಡಿಗೆಯವರದು. ಮೇಲಂತಸ್ತಿನವರು ಬೇಯ್ತಾ ಇದ್ದರೂ ಓನರ್ ಜೇಬಿಗೆ ಬಿಸಿ ತಟ್ಟೋದೇ ಇಲ್ಲ, ಹಾಗಿದ್ದಾಗ ಅವರು ಯಾಕೆ ಖರ್ಚು ಮಾಡ್ತಾರೆ? ಮೇಲಂತಸ್ತಿನ ಪಿಜಿಗಳಲ್ಲಿ ಇರೋ ನಮ್ಮವರು ಫೆಬ್ರವರಿಯಲ್ಲೇ ಹೋಗಿ ಕೇಳಿ. ಸುಣ್ಣ ನೀವು ಕೊಡಿಸಿ, ಬ್ರಶ್ ನಾವು ಹಿಡೀತೀವಿ ಅಂದ್ರೆ ಬೇಡ ಅನ್ನೋಕೆ ಅವರಿಗೂ ಕಾರಣ ಸಿಗೋದು ಕಷ್ಟ.