ನೀರಿನ ಮೇಲಣ ವಿಹಾರವೂ ನೀರಿನಡಿಯ ಊರುಗಳೂ

ಯೂರೋಪು ಖಂಡದ ನದಿಗಳಲ್ಲಿ ಹಡಗನ್ನೇ ಮನೆಮಾಡಿಕೊಂಡು ಊರಿಂದೂರಿಗೆ ಸಾಗುವ ವಿಹಾರವು ಈಗ ಮೈಸೂರು ಸೀಮೆಯ ಕುಟುಂಬಗಳಿಗೂ ಅಪರಿಚಿತವಾಗಿ ಉಳಿದಿಲ್ಲ. ಮಕ್ಕಳು ಜರ್ಮನಿಯಲ್ಲಿಯೋ ಆಸ್ಟ್ರಿಯದಲ್ಲಿಯೋ ಉದ್ಯೋಗದಲ್ಲಿದ್ದರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಬೆಳೆದೋ ಕಚೇರಿಯ ಕೆಲಸ ಮಾಡಿಯೋ ಅವರನ್ನು ಓದಿಸಿದ ತಾಯಿತಂದೆಗಳಿಗೆ ಒಮ್ಮೆ ಆ ಯೋಗ ಕೂಡಿಬರುವುದುಂಟು. ಸಂತೋಷದ ವಿಷಯವೇ. ಹೊರಡುವವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಹಡಗು ತೂಗಾಡುವುದೆ? ಊಟಕ್ಕೇನು ಗತಿ? ಕೊಟ್ಟ ಹಣಕ್ಕೆ ನೋಡುವುದೇನು? ನಾಲ್ಕನೆಯದೊಂದು ಪ್ರಶ್ನೆಯಿದೆ, ಅದನ್ನು ಕೇಳುವವರು ವಿರಳ. ಹಡಗು ತೇಲುತ್ತಿರುವ ಈ ನೀರಿನಡಿಯಲ್ಲಿ ಏನಿದೆ? ಇದನ್ನು ಕೇಳದವನು ಡ್ಯಾನ್ಯೂಬಿನಲ್ಲಿ ತೇಲಿದರೂ ಕಬಿನಿಯಲ್ಲಿ ತೇಲಿದರೂ ನದಿಯನ್ನು ಕಂಡವನಾಗಲಾರನೆಂಬುದೇ ಇಲ್ಲಿಯ ವಾದ.

ಮೊದಲ ಮೂರಕ್ಕೆ ಉತ್ತರ ಸುಲಭ. ನದಿಯ ಹಡಗಿಗೆ ಕಡಲಿನ ತೂಗಾಟವಿಲ್ಲ. ಅಲ್ಲಿಯ ದೊಡ್ಡ ಹಡಗುಗಳ ಉದ್ದ ೧೧೦ರಿಂದ ೧೩೫ ಮೀಟರ್. ಅಗಲ ಮಾತ್ರ ಹನ್ನೊಂದೂವರೆ ಮೀಟರಿನಷ್ಟೇ. ಈ ಅಗಲವನ್ನು ಗೊತ್ತುಮಾಡಿದುದು ನದಿಗೆ ಹಾಕಿದ ಕಟ್ಟೆಗಳು. ಕಟ್ಟೆಯ ಮಗ್ಗುಲಲ್ಲಿ ಲಾಕ್ ಎಂಬ, ಎರಡು ತುದಿಗೂ ಬಾಗಿಲುಳ್ಳ ತೊಟ್ಟಿಯಿರುತ್ತದೆ. ಹಡಗು ಒಳಹೊಕ್ಕ ಮೇಲೆ ನೀರು ತುಂಬಿ ಅದನ್ನು ಏರಿಸುತ್ತಾರೆ, ಇಲ್ಲವೆ ನೀರು ಬಿಟ್ಟು ಇಳಿಸುತ್ತಾರೆ. ಅಂಥ ಅನೇಕ ತೊಟ್ಟಿಗಳ ಅಗಲ ೧೨ ಮೀಟರ್. ೧೯೯೨ರಲ್ಲಿ ಪೂರ್ತಿಯಾದ ರೈನ್-ಮೈನ್-ಡ್ಯಾನ್ಯೂಬ್ ಕಾಲುವೆಯು ೧೭೧ ಕಿಲೋಮೀಟರ್ ಉದ್ದವಾಗಿದ್ದು, ೧೬ ತೊಟ್ಟಿಗಳ ಮೂಲಕ ಹಡಗನ್ನು ಸಮುದ್ರಮಟ್ಟಕ್ಕಿಂತ ೪೦೬ ಮೀಟರ್ ಎತ್ತರದ ನೆಲವನ್ನು ಹತ್ತಿಸಿ ಇಳಿಸುತ್ತದೆ. ಸಸ್ಯಾಹಾರವನ್ನು ಮೊದಲೇ ತಿಳಿಸಿದರೆ ಒದಗಿಸುತ್ತಾರೆ. ಅನ್ನ ಸಾರುಗಳನ್ನು ಎದುರುನೋಡತಕ್ಕದ್ದಲ್ಲ. ಊರ ಬಳಿ ಎರಡು ಮೂರು ಹಡಗುಗಳನ್ನು ಮಗ್ಗುಲಿಗೆ ಮಗ್ಗುಲು ಕಟ್ಟುವುದರಿಂದ, ಕಿಟಕಿಯ ಪರದೆ ಸರಿಸಿದರೆ ಕೆಲವೊಮ್ಮೆ ಕಾಣುವುದು ನೆರೆಯ ಹಡಗಿನ ಕಿಟಕಿ. ಸೇತುವೆ ತಗ್ಗಾದೆಡೆಯಲ್ಲಿ ಮೇಲಂತಸ್ತಿನಿಂದ ಜನರನ್ನು ಇಳಿಸುತ್ತಾರೆ. ರೈನ್ ನದಿ ಸೊರಗಿದ ೨೦೧೮ ಮತ್ತು ೨೦೨೨ರಲ್ಲಿ ಎಷ್ಟೋ ಪ್ರಯಾಣಿಕರು ದಾರಿಯ ಒಂದು ಭಾಗವನ್ನು ಬಸ್ಸಿನಲ್ಲಿ ಕಳೆದರು. ಸರ್ಬಿಯಾ ದೇಶವು ಷೆಂಗೆನ್ ಒಕ್ಕೂಟದ ಹೊರಗಿರುವುದರಿಂದ, ಕೆಳ ಡ್ಯಾನ್ಯೂಬಿಗೆ ಹೋಗುವವರು ಹಲವು ಸಲ ಪ್ರವೇಶಿಸಲು ಅನುಮತಿಯುಳ್ಳ ವೀಸಾ ಪಡೆಯುವುದು ಕ್ಷೇಮ.

ಇನ್ನು ನಾಲ್ಕನೆಯ ಪ್ರಶ್ನೆ. ಸರ್ಬಿಯಾ ಮತ್ತು ರುಮೇನಿಯಗಳ ನಡುವೆ ಡ್ಯಾನ್ಯೂಬು ಬೆಟ್ಟಗಳನ್ನು ಸೀಳಿಕೊಂಡು ಹರಿಯುವ ಕಂದರಕ್ಕೆ ಐರನ್ ಗೇಟ್ಸ್, ಎಂದರೆ ಕಬ್ಬಿಣದ ಬಾಗಿಲು, ಎಂದು ಹೆಸರು. ೧೯೭೨ರಲ್ಲಿ ಅಲ್ಲಿ ದೊಡ್ಡ ಕಟ್ಟೆ ಮುಗಿಯಿತು. ಅದರ ಹಿನ್ನೀರಿನಲ್ಲಿ ಅಡ ಕಾಲೆ ಎಂಬ ದ್ವೀಪ ಮುಳುಗಿತು. ತುರ್ಕಿ ಜನರು ತಲೆಮಾರುಗಳಿಂದ ಬಾಳಿದ ನೆಲವದು. ಮನೆ, ಮಸೀದಿ, ಅಂಗಡಿಬೀದಿ ಎಲ್ಲವೂ ಇದ್ದವು. ನಿವಾಸಿಗಳಲ್ಲಿ ಕೆಲವರು ತುರ್ಕಿಗೂ ಕೆಲವರು ರುಮೇನಿಯದ ಬೇರೆ ಊರುಗಳಿಗೂ ಚದುರಿಹೋದರು. ರೋಮಿನ ಚಕ್ರವರ್ತಿ ಟ್ರಾಜನನ ಶಿಲಾಶಾಸನವನ್ನು ಮಾತ್ರ ಬಂಡೆಯೊಡನೆ ಕತ್ತರಿಸಿ ಮೇಲೆತ್ತಿ ಉಳಿಸಿಕೊಂಡರು. ಹಡಗು ಆ ಎಡೆಯನ್ನು ದಾಟುವಾಗ ವಿವರಣಕಾರರು ಈ ಕಥೆಯನ್ನು ಹೇಳುವುದುಂಟು. ಮೈಸೂರಿನ ಪ್ರವಾಸಿಯೂ ಅದನ್ನು ಕೇಳಿ ಮರುಗುತ್ತಾನೆ. ಊರಿಗೆ ಬಂದು ನೆಂಟರಿಗೆ ಹೇಳುತ್ತಾನೆ.

ಆದರೆ ಐರನ್ ಗೇಟ್ಸ್ ಮುಗಿದ ಎರಡೇ ವರ್ಷಕ್ಕೆ, ೧೯೭೪ರಲ್ಲಿ, ಅವನ ಮನೆಯ ನೆರೆಯ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಬಿನಿಯ ಕಟ್ಟೆಯೂ ಮುಗಿಯಿತೆಂಬುದನ್ನು ಅವನು ನೆನೆಯುವನೆ? ಬಿದರಹಳ್ಳಿ, ಬೀಚನಹಳ್ಳಿಗಳ ಬಳಿ ಎದ್ದ ಆ ಕಟ್ಟೆಯ ಹಿಂದೆ ೧೯.೫೨ ಟಿ.ಎಂ.ಸಿ. ಅಡಿ ನೀರು ನಿಲ್ಲುವಂತಾಯಿತು. ಅದರಡಿಗೆ ಹಳ್ಳಿಗಳೂ ಹಾಡಿಗಳೂ ಹೋದವು, ಕಾಕನಕೋಟೆಯ ಕಾಡಿನ ಒಂದು ಭಾಗವೂ ಹೋಯಿತು. ಆ ಕಾಡಿನಲ್ಲಿ ಕಡೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಜೇನುಕುರುಬರೂ ಬೆಟ್ಟಕುರುಬರೂ ತಮ್ಮ ನೆಲೆಗಳನ್ನು ಬಿಟ್ಟೆದ್ದರು. ಈಗ ಅದೇ ಹಿನ್ನೀರಿನ ಮೇಲೆ ವಿಹಾರದ ದೋಣಿಗಳು ಸಾಗುತ್ತ ಬಂದಿವೆ. ಬೇಸಗೆಯಲ್ಲಿ ನೀರಿಳಿದಾಗ ಬಯಲಾಗುವ ನೆಲದಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಅವುಗಳನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಹುಲ್ಲು ಚಿಗುರುವ ಆ ನೆಲ ಒಮ್ಮೆ ಯಾರ ಹೊಲವಾಗಿತ್ತು, ಯಾವ ಹಾಡಿಯ ಅಂಗಳವಾಗಿತ್ತು ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಅಪರೂಪ. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವು ಕಬಿನಿಯ ದಡದ ಕಿತ್ತೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಾಕನಕೋಟೆಯ ಹೆಸರಿನಲ್ಲಿ ಮಾಸ್ತಿಯವರು ನಾಟಕವನ್ನೇ ಬರೆದಿದ್ದಾರೆ. ಇಷ್ಟೆಲ್ಲ ಇದ್ದೂ ದೋಣಿಯ ಮಾತು ಬಹುಮಟ್ಟಿಗೆ ಹುಲಿ ಕಂಡಿತೆ, ಆನೆ ಕಂಡಿತೆ ಎಂಬಲ್ಲಿಗೆ ಮುಗಿಯುತ್ತದೆ.

ಈ ನಾಡಿನ ಜನ ಸ್ವಭಾವತಃ ಮರೆಗುಳಿಗಳೆಂದು ಹೇಳುವಂತಿಲ್ಲ. ಕಾವೇರಿಯ ಕಟ್ಟೆಗೆ ಸರ್ಕಾರವಿಟ್ಟ ಹೆಸರು ಕೃಷ್ಣರಾಜಸಾಗರ. ಆದರೆ ಹಳ್ಳಿಯವರು ಇಂದಿಗೂ ಹೇಳುವುದು ಕನ್ನಂಬಾಡಿ ಕಟ್ಟೆಯೆಂದು. ಮುಳುಗಿದ ಊರಿನ ಹೆಸರು ಮುಳುಗಿಸಿದ ಕಟ್ಟೆಗೇ ಅಂಟಿಕೊಂಡು ಉಳಿಯಿತು. ಆ ಊರಿನ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮರಳಿ ನಿಲ್ಲಿಸಿದರು. ಕಬಿನಿಯಲ್ಲಿ ಮುಳುಗಿದ ಹಾಡಿಗಳಿಗೆ ಕಲ್ಲಿನ ಗುಡಿಯೂ ಇರಲಿಲ್ಲ, ಬರೆದಿಡುವವರೂ ಇರಲಿಲ್ಲ. ಅವುಗಳ ಹೆಸರು ಅಲ್ಲಿದ್ದವರ ಬಾಯಲ್ಲಿ ಮಾತ್ರ ಉಳಿದಿದೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ವಿಹಾರಕ್ಕೆ ಬಂದವರ ಮುಂದೆ ಶೋಕದ ಕಥೆ ಏತಕ್ಕೆಂಬುದು ಮೊದಲನೆಯದು. ನದಿಯಲ್ಲಿ ಮೀಯುವವನೂ ಸುಖಕ್ಕಾಗಿಯೇ ಮೀಯುತ್ತಾನಲ್ಲವೆ? ಆದರೂ ಮುಳುಗುಹಾಕುವ ಮೊದಲು ಯಾವ ದೇಶ, ಯಾವ ನದಿ, ಯಾವ ತೀರ ಎಂದು ಸಂಕಲ್ಪದಲ್ಲಿ ಹೇಳಿಕೊಳ್ಳಬೇಕೆಂದು ಹಿರಿಯರು ವಿಧಿಸಿದರು. ನಿಂತ ನೆಲದ ಹೆಸರು ಹೇಳಿದರೆ ಸ್ನಾನದ ಸುಖ ಕೆಡುವುದಿಲ್ಲ. ದೋಣಿಯ ಸುಖವೂ ಕೆಡಲಾರದು.

ಕಟ್ಟೆಯಿಂದ ನಂಜನಗೂಡು, ನರಸೀಪುರಗಳ ಗದ್ದೆಗಳು ಹಸಿರಾಗಿರುವಾಗ ಅದನ್ನು ನಿಂದಿಸುವುದು ಕೃತಘ್ನತೆಯೆಂಬುದು ಎರಡನೆಯದು. ಇಲ್ಲಿ ಯಾರೂ ಕಟ್ಟೆಯನ್ನು ನಿಂದಿಸುತ್ತಿಲ್ಲ. ಗದ್ದೆಗೆ ನೀರುಂಡವನು ಹೊಲ ಬಿಟ್ಟುಕೊಟ್ಟವನ ಹೆಸರನ್ನು ತಿಳಿದಿರದಿದ್ದರೆ ಕೃತಘ್ನತೆಯೆಂಬ ಮಾತು ಯಾರಿಗೆ ಸಲ್ಲುತ್ತದೆ? ಕಥೆ ಹೇಳಿದ ಮಾತ್ರಕ್ಕೆ ಯೂರೋಪಿನವರು ಅಡ ಕಾಲೆಯವರಿಗೆ ಮನೆಯನ್ನು ಹಿಂದಿರುಗಿಸಿದರೆ ಎಂಬುದು ಮೂರನೆಯದು. ಹಿಂದಿರುಗಿಸಲಿಲ್ಲ, ಈ ಆಕ್ಷೇಪ ನಿಜ. ಕಥೆಯು ಪರಿಹಾರಕ್ಕೆ ಬದಲಲ್ಲ. ಆದರೆ ಊರಿತ್ತೆಂಬುದನ್ನೇ ಅರಿಯದ ಸಮಾಜವು ಆ ಊರಿನವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂದಿಗೆ?

ಆದಕಾರಣ ಆಗಬೇಕಾದುದು ಇಷ್ಟು. ಕಬಿನಿಯ ದೋಣಿಕಟ್ಟೆಯಲ್ಲಿ, ಮುಳುಗಿದ ಪ್ರತಿಯೊಂದು ಹಳ್ಳಿಯ, ಹಾಡಿಯ ಹೆಸರನ್ನು ಕನ್ನಡದಲ್ಲಿ ಬರೆದ ಫಲಕವಿರಬೇಕು. ದೋಣಿಯಲ್ಲಿ ವಿವರಣೆ ಹೇಳುವ ಕೆಲಸಕ್ಕೆ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ತಕ್ಕ ಸಂಬಳದ ಮೇಲೆ ನೇಮಿಸಬೇಕು. ಅವರು ಕನ್ನಡದಲ್ಲಿ ಹೇಳಲಿ, ಬೇಕಾದವರು ಅನುವಾದ ಮಾಡಿಕೊಳ್ಳಲಿ. ದೋಣಿಯೇರುವ ಪ್ರತಿ ಕುಟುಂಬವೂ ಆ ನಾಲ್ಕನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು. ಕೇಳುವವರಿಲ್ಲದೆ ಹೇಳುವವರು ಹುಟ್ಟುವುದಿಲ್ಲ. ಹೆಸರುಗಳನ್ನು ಸಂಗ್ರಹಿಸುವ ಕೆಲಸ ಮಾತ್ರ ಸರ್ಕಾರಕ್ಕಾಗಿ ಕಾಯತಕ್ಕದ್ದಲ್ಲ. ಹುಣಸೂರು, ಕೋಟೆ, ಪಿರಿಯಾಪಟ್ಟಣಗಳ ಶಾಲೆಗಳೂ ಸಾಹಿತ್ಯಸಂಘಗಳೂ ಅದನ್ನು ಈ ವರ್ಷವೇ ಕೈಗೊಳ್ಳಬಹುದು. ೧೯೭೪ರಲ್ಲಿ ಇಪ್ಪತ್ತು ವಯಸ್ಸಿನವರಾಗಿದ್ದವರಿಗೆ ಈಗ ಎಪ್ಪತ್ತು ಕಳೆದಿದೆ. ಅವರಿರುವಾಗಲೇ ಹೋಗಿ ಕೇಳಬೇಕು.